ಗೆಳೆಯನಿಗೊಂದು ಪತ್ರ: ಕೌಡೂರಿನ ಜಡ್ಜ್ ಬಗ್ಗೆ

ಪ್ರಿಯ ಸುಧಾಕರ,

ಜಸ್ಟಿಸ್ ಕೆ.ಎಸ್. ಹೆಗ್ಡೆ ಒಕ್ಕಲುಗಳ ಪರ ಅಲ್ಲ, ಜಮೀನಿನ ಧಣಿಗಳ ಪರ ಇದ್ದ ಜಡ್ಜ್ ಅಂತ ನೀನು ಮೆಸೇಜ್ ಹಾಕಿದ್ದಿ. ಎರಡು ಸಾಲಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಪತ್ರ.

ನಮ್ಮೂರಲ್ಲಿ ಆ ಹೆಸರು ಹೇಳಿದರೆ ದೇರಳಕಟ್ಟೆಯ ಆಸ್ಪತ್ರೆ ನೆನಪಾಗುತ್ತದೆಯೇ ಹೊರತು ಮನುಷ್ಯ ನೆನಪಾಗುವುದಿಲ್ಲ. 1909ರಲ್ಲಿ ಕಾರ್ಕಳದ ಹತ್ತಿರದ ಕೌಡೂರಲ್ಲಿ ಹುಟ್ಟಿದವರು. ಮೈಸೂರು ಹೈಕೋರ್ಟ್, ದಿಲ್ಲಿ ಹೈಕೋರ್ಟ್ ದಾಟಿ 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು.

ನೀನು ಹೇಳುತ್ತಿರುವುದು ಕೇಶವಾನಂದ ಭಾರತಿ ಕೇಸಿನ ವಿಷಯ. ಅದೂ ನಮ್ಮ ಪಕ್ಕದ್ದೇ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ಧಣಿಗಳ ಜಮೀನಿಗೆ ಮಿತಿ ಹಾಕುವ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 13 ಜಡ್ಜ್‌ಗಳು ಕೂತು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ಕ್ಕೆ ತೀರ್ಪು, 7-6. ಸಂವಿಧಾನವನ್ನು ಪಾರ್ಲಿಮೆಂಟ್ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ ಅಂದ ಏಳು ಜನರಲ್ಲಿ ಹೆಗ್ಡೆ ಒಬ್ಬರು. ಆದರೆ ಮಾರಾಯ, ಆ ಭೂಸುಧಾರಣೆ ಕಾನೂನಿಗೆ ಏನೂ ಆಗಲಿಲ್ಲ, ಅದು ಉಳಿಯಿತು. ಮರುವರ್ಷ ನಮ್ಮ ರಾಜ್ಯದಲ್ಲೂ ಅಂಥದೇ ಕಾನೂನು ಬಂತು. ನನ್ನ ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆಗೆ ಡಿಕ್ಲರೇಶನ್, ಅಂದರೆ ಹಕ್ಕಿನ ಅರ್ಜಿ, ಕೊಟ್ಟು ಜಾಗ ಮಾಡಿಕೊಂಡದ್ದು ಆಗಲೇ. ಒಕ್ಕಲಿನ ಮನೆಯ ಮೊಮ್ಮಗನಾಗಿಯೇ ಹೇಳುತ್ತಿದ್ದೇನೆ, ಆ ತೀರ್ಪು ನಮ್ಮ ದಾರಿಗೆ ಅಡ್ಡ ಬರಲಿಲ್ಲ.

ಆಮೇಲಿನ ಕಥೆ ನಿನಗೆ ಗೊತ್ತೇ ಇದೆ. ಆ ಏಳು ಜನರಲ್ಲೇ ಇದ್ದ ಶೆಲತ್, ಹೆಗ್ಡೆ, ಗ್ರೋವರ್, ಮೂವರನ್ನೂ ಬಿಟ್ಟು ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಸರಕಾರ ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು.

ಎಲ್ಲರೂ ಇದನ್ನೇ ಹೇಳುತ್ತಾರೆ. ನನಗೆ ಮಾತ್ರ ಅವರು 1969ರಲ್ಲಿ, ಕ್ರೈಪಾಕ್ ಅನ್ನುವವರು ಹಾಕಿದ ಕೇಸಿನಲ್ಲಿ ಬರೆದ ಕ್ರೈಪಾಕ್ ತೀರ್ಪೇ ಜಾಸ್ತಿ ದೊಡ್ಡದು ಅನಿಸುತ್ತದೆ. ಜಮ್ಮು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಬೇಕಿತ್ತು. ಆರಿಸುವ ಮಂಡಳಿಯಲ್ಲಿ ಅಲ್ಲಿನ ಹಂಗಾಮಿ ಅರಣ್ಯ ಮುಖ್ಯಸ್ಥರೂ ಇದ್ದರು. ಅವರೇ ಒಬ್ಬ ಅಭ್ಯರ್ಥಿ ಕೂಡ! ತಮ್ಮ ಹೆಸರು ಬಂದಾಗ ಮಾತ್ರ ಎದ್ದು ಹೊರಗೆ ಹೋದರಂತೆ. ತಮಗೆ ಪೈಪೋಟಿ ಕೊಡುವವರ ಹೆಸರು ಬಂದಾಗ ಕೂತೇ ಇದ್ದರು. ಪಟ್ಟಿ ಬಂದಾಗ ಮೊದಲ ಹೆಸರು ಯಾರದ್ದು ಅಂತ ಬೇರೆ ಹೇಳಬೇಕಾ? ಇದು ಆಡಳಿತದ ಕೆಲಸ, ತನ್ನ ಕೇಸಿಗೆ ತಾನೇ ಜಡ್ಜ್ ಆಗಬಾರದು ಅನ್ನುವಂಥ ಕೋರ್ಟಿನ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ ಅನ್ನುವುದು ಸರಕಾರದ ವಾದ. ಹೆಗ್ಡೆ ಒಪ್ಪಲಿಲ್ಲ. ಒಬ್ಬನ ಹಕ್ಕಿಗೆ ಪೆಟ್ಟು ಬೀಳುವುದಾದರೆ ಆಫೀಸಿನ ಮೇಜಿನಿಂದ ಬಿದ್ದರೂ ಒಂದೇ, ಕೋರ್ಟಿನಿಂದ ಬಿದ್ದರೂ ಒಂದೇ. ಎರಡು ಕಡೆಯೂ ನ್ಯಾಯವಾಗಿಯೇ ನಡೆದುಕೊಳ್ಳಬೇಕು ಅನ್ನುವುದು ಅವರ ತೀರ್ಪಿನ ಸಾರ. ಆಯ್ಕೆ ಪೂರ್ತಿ ರದ್ದಾಯಿತು.

ಯೋಚನೆ ಮಾಡು. ಪಾರ್ಲಿಮೆಂಟ್ ಸಂವಿಧಾನ ತಿದ್ದುವುದು ಎಲ್ಲೋ ವರ್ಷಕ್ಕೊಮ್ಮೆ. ನಮ್ಮ ನಿಮ್ಮಂಥವರಿಗೆ ದಿನಾ ಎದುರಾಗುವುದು ಲೈಸೆನ್ಸ್, ಪರ್ಮಿಟ್, ಪ್ರಮೋಷನ್, ಸಸ್ಪೆನ್ಶನ್. 'ನನ್ನನ್ನು ಕೇಳದೆ ಆರ್ಡರ್ ಮಾಡಿದಿರಿ' ಅಂತ ಒಬ್ಬ ಗುಮಾಸ್ತ ಹೈಕೋರ್ಟಿಗೆ ಹೋದರೆ, ಅವನ ವಕೀಲರು ಇವತ್ತಿಗೂ ಕ್ರೈಪಾಕ್ ಹೆಸರು ಎತ್ತುತ್ತಾರೆ. ಇದನ್ನು ಬರೆದವರು ನಮ್ಮ ಕಾರ್ಕಳದ ಕಡೆಯವರು ಅಂತ ಇಲ್ಲಿನ ಎಷ್ಟು ಜನಕ್ಕೆ ಗೊತ್ತು?

ಹಾಗಂತ ಎಲ್ಲದಕ್ಕೂ ತಲೆ ಆಡಿಸುವವನಲ್ಲ ನಾನು. ಜಡ್ಜ್ ಆಗುವ ಮೊದಲು ಕಾಂಗ್ರೆಸ್ಸಿನಿಂದ ರಾಜ್ಯಸಭೆ, ಕೋರ್ಟ್ ಬಿಟ್ಟ ಮೇಲೆ 1977ರಲ್ಲಿ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣ, ಅದೇ ವರ್ಷ ಲೋಕಸಭೆಯ ಸ್ಪೀಕರ್. ಈ ಹೋಗಿ ಬರುವುದು ನನಗೆ ಸರಿ ಕಾಣುವುದಿಲ್ಲ. ಇವತ್ತು ಯಾರಾದರೂ ಹಾಗೆ ಮಾಡಿದರೆ ನಾವಿಬ್ಬರೂ ಬೈಯುತ್ತೇವೆ, ಅಲ್ವಾ? ನೀನು ಜಗಳ ತೆಗೆಯುವುದಿದ್ದರೆ ಇದರ ಮೇಲೆ ತೆಗೆ, ಧಣಿ-ಒಕ್ಕಲು ವಿಷಯ ಬಿಡು.

ದೀಪಾವಳಿಗೆ ಊರಿಗೆ ಬರ್ತೀಯಲ್ಲ, ಆಗ ಕ್ರೈಪಾಕ್ ತೀರ್ಪಿನ ಪ್ರಿಂಟ್ ಕೊಡುತ್ತೇನೆ. ಓದದೆ ವಾದಕ್ಕೆ ಮಾತ್ರ ಬರಬೇಡ ಮಾರಾಯ.

ನಿನ್ನ,
ಪ್ರಭಾಕರ
ಮಂಗಳೂರು