24 ಗೂಟದ ಟೊಪ್ಪಿ

ಷಿಕಾಗೊ, ಜನವರಿ

ಪ್ರೀತಿಯ ಗೆಳೆಯ,

ಮೊಮ್ಮಗಳ ಫೋಟೊ ನೋಡಿದೆ. ತಲೆ ತುಂಬ ಕೂದಲು. ಮೂಗು ಮಾತ್ರ ನಿನ್ನದೇ, ಪಾಪ. ಈ ಪಾರ್ಸೆಲ್ಲಿನಲ್ಲಿ ಅವಳಿಗೊಂದು ಕೆಂಪು ಟೊಪ್ಪಿ ಇದೆ. ಅಂಗಡಿಯದ್ದಲ್ಲ ಕಣೋ, ನಾನೇ ಹೆಣೆದದ್ದು. ನಗು, ನಗು. ಅಡಿಕೆ ಹಾಳೆಯ ಟೊಪ್ಪಿ ಮಾಡುವುದನ್ನು ನೀನು ಎರಡು ಬೇಸಿಗೆ ರಜೆ ಹೇಳಿಕೊಟ್ಟರೂ ನನ್ನದು ಅತ್ತ ದೊನ್ನೆಯೂ ಅಲ್ಲ, ಇತ್ತ ಟೊಪ್ಪಿಯೂ ಅಲ್ಲ ಅನ್ನುವಂತಾದದ್ದು ನನಗೂ ನೆನಪಿದೆ.

ಹೋದ ಚಳಿಗಾಲ ಮನೆ ಮುಂದಿನ ಹಿಮಗಡ್ಡೆ ಮೇಲೆ ಜಾರಿ ಬಿದ್ದು ಬಲ ಮಣಿಕಟ್ಟು ಮುರಿಯಿತಲ್ಲ, ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ನನ್ನವಳು ತನ್ನ ಹೆಣಿಗೆ ಕಡ್ಡಿ ಕೊಟ್ಟು ಕೂರಿಸಿದಳು. ಎರಡು ಕಡ್ಡಿ, ಒಂದು ದಾರ, ಮೂರೂ ಮೂರು ದಿಕ್ಕಿಗೆ. ನಾಲ್ಕನೇ ದಿನ ಅವಳಿಗೇ ಸಾಕಾಗಿ ಒಂದು ಪ್ಲಾಸ್ಟಿಕ್ ಬಳೆ ತಂದು ನನ್ನ ಮಡಿಲಿಗೆ ಹಾಕಿದಳು. ಇದಕ್ಕೆ ಇಲ್ಲಿ ನಿಟ್ಟಿಂಗ್ ಲೂಮ್ ಅನ್ನುತ್ತಾರೆ. ಲೂಮ್ ಅಂದರೆ ಲಾಳಿ ಓಡುವ ಮಗ್ಗ ಅಂದುಕೊಳ್ಳಬೇಡ. ಊಟದ ತಟ್ಟೆಯಷ್ಟು ಅಗಲದ ಬಳೆ, ಅದರ ಸುತ್ತ ಸಾಲಾಗಿ ಗೂಟ. ಇಂಗ್ಲಿಷಿನಲ್ಲಿ ಪೆಗ್. ಸಣ್ಣದು ದೊಡ್ಡದು ಸೇರಿ ಸೆಟ್ಟಾಗಿ ಸಿಗುತ್ತವೆ: ಕೂಸಿಗೆ 24 ಗೂಟ, ದೊಡ್ಡವರಿಗೆ 36, ನಿನ್ನಂಥ ತಲೆಗೆ 41. "ಬೆಳಗ್ಗೆಯಿಂದ 24 ಪೆಗ್ ಮೇಲೆ ಕೂತಿದೀನಿ" ಅಂತ ಫೋನಿನಲ್ಲಿ ಅಂದಾಗ ನನ್ನ ತಮ್ಮ ಗಾಬರಿ ಬಿದ್ದಿದ್ದ. ಅಂದಿನಿಂದ ನನ್ನ ಬಾಯಲ್ಲಿ ಅದು ಗೂಟವೇ.

ಕೆಲಸ ಏನು ಗೊತ್ತಾ? ದಾರವನ್ನು ಪ್ರತಿ ಗೂಟಕ್ಕೂ ಒಂದೊಂದು ಸುತ್ತು ಹಾಕುತ್ತ ಬಳೆಯನ್ನು ಸುತ್ತಿ ಬರುವುದು. ಅಮ್ಮ ಬಾಳೆನಾರಿನಲ್ಲಿ ಅಬ್ಬಲಿಗೆ ಹೂ ಕಟ್ಟುವಾಗ ಬೆರಳಲ್ಲಿ ಕುಣಿಕೆ ತಿರುವುತ್ತಿದ್ದಳಲ್ಲ, ಹೆಚ್ಚುಕಮ್ಮಿ ಅದೇ ತಿರುವು. ಎರಡನೇ ಸುತ್ತಿಗೆ ಪ್ರತಿ ಗೂಟದಲ್ಲೂ ಎರಡು ಕುಣಿಕೆ. ಕೆಳಗಿನದನ್ನು ಕೊಕ್ಕೆಯಿಂದ ಎತ್ತಿ, ಮೇಲಿನದನ್ನು ದಾಟಿಸಿ, ಗೂಟದ ಒಳಮಗ್ಗುಲಿಗೆ ಬಿಡುವುದು. ಮತ್ತೆ ಸುತ್ತು, ಮತ್ತೆ ಎತ್ತು. ಕಡ್ಡಿ ಹೆಣಿಗೆಯಲ್ಲಿ ಅಷ್ಟೂ ಕುಣಿಕೆ ಜಾರದಂತೆ ಕಾಯುವ ಪಾಡು ನಮ್ಮ ಕೈಯದು. ಇಲ್ಲಿ ಅದನ್ನು ಗೂಟ ನೋಡಿಕೊಳ್ಳುತ್ತದೆ. ಟೀ ಕುಡಿಯಲು ಎದ್ದು ಹೋದರೂ ಹೆಣಿಗೆ ಅಲ್ಲೇ ನಿಂತಿರುತ್ತದೆ. ಏಳೆಂಟು ಸುತ್ತಾದ ಮೇಲೆ ಬಳೆಯ ನಡುವಿನಿಂದ ಬಟ್ಟೆ ಇಳಿಯತೊಡಗಿತು ನೋಡು, ಚಕ್ಕುಲಿ ಒರಳಿಂದ ಹಿಟ್ಟು ಇಳಿದ ಹಾಗೆ. ಇವಳನ್ನು ಅಡುಗೆಮನೆಯಿಂದ ಕೂಗಿ ಕರೆದು ತೋರಿಸಿದೆ.

ಮಫ್ಲರಿನಲ್ಲಿ ಮರ್ಯಾದೆ ಹೋಯಿತು. 18 ಗೂಟದ ಮೇಲೆ ಹಿಂದೆ ಮುಂದೆ ಹೋಗುತ್ತ ನಾಲ್ಕು ಅಡಿ ಹೆಣೆದು ಬಳೆಯಿಂದ ಬಿಡಿಸಿದರೆ, ಎರಡೂ ಅಂಚು ಹಿಂದಕ್ಕೆ ಸುರುಳಿಗಟ್ಟಿ ಥೇಟ್ ಹಾವಿನ ಪೊರೆ. ಒಂದೇ ಬಗೆಯ ಕುಣಿಕೆ ಹಾಕುತ್ತ ಹೋದರೆ ಹಾಗೇ ಆಗುವುದಂತೆ. ಟೊಪ್ಪಿ ಕೊಳವೆಯಾದ್ದರಿಂದ ಅದಕ್ಕೆ ಪಕ್ಕದ ಅಂಚೇ ಇಲ್ಲ, ಬಚಾವ್. ಮಫ್ಲರಿಗೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಬೇಕು. ಉಲ್ಟಾ ಸಾಲು ಬಲು ನಿಧಾನ, ನನಗೆ ಅಷ್ಟು ತಾಳ್ಮೆ ಇಲ್ಲ. ಆ ಪೊರೆಯನ್ನು ಈಗ ಬಾಗಿಲ ಸಂದಿಗೆ ಗಾಳಿ ಬಾರದಂತೆ ಇಟ್ಟಿದ್ದೇವೆ.

ಕೆಂಪು ಯಾಕೆ ಅಂತ ಕೇಳುತ್ತೀಯ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನವರು 2014ರಲ್ಲಿ ಇದೇ ಷಿಕಾಗೊದಲ್ಲಿ ಶುರು ಮಾಡಿದ ಒಂದು ಪದ್ಧತಿ ಇದೆ. ಫೆಬ್ರವರಿಯಲ್ಲಿ ಹುಟ್ಟುವ ಕೂಸುಗಳಿಗೆ ಆಸ್ಪತ್ರೆಯಲ್ಲಿ ಕೆಂಪು ಟೊಪ್ಪಿ ಹಾಕುತ್ತಾರೆ, ಹುಟ್ಟುತ್ತಲೇ ಬರುವ ಹೃದಯದ ತೊಂದರೆಗಳ ಬಗ್ಗೆ ಜನಕ್ಕೆ ತಿಳಿಯಲಿ ಅಂತ. ಹೆಣೆಯುವವರು ನಮ್ಮಂಥವರೇ. ಆ ಕೂಸುಗಳಿಗೆಂದು ತಂದ ದಾರದಲ್ಲಿ ಒಂದು ಉಂಡೆ ಉಳಿಯಿತು, ಅದು ನಿನ್ನ ಮೊಮ್ಮಗಳ ಪಾಲಿಗೆ.

ಟೊಪ್ಪಿಯನ್ನು ಬೆಳಕಿಗೆ ಹಿಡಿದರೆ ನೆತ್ತಿಗಿಂತ ಸ್ವಲ್ಪ ಕೆಳಗೆ ಒಂದು ಗಂಟು ಕಾಣುತ್ತದೆ. ಒಂದು ಗೂಟದ ಕುಣಿಕೆ ತಪ್ಪಿ, ಏಣಿಯ ಮೆಟ್ಟಿಲಿನಂತೆ ಐದು ಸುತ್ತು ಕೆಳಗಿಳಿದಿತ್ತು. ರಾತ್ರಿ ಹನ್ನೊಂದರವರೆಗೆ ಕೂತು ಒಂದೊಂದೇ ಮೆಟ್ಟಿಲು ಮೇಲೆ ತಂದೆ. ಕೊನೆಗೆ 24 ಕುಣಿಕೆಗೂ ಸೂಜಿ ಪೋಣಿಸಿ, ಎಲೆಯಡಿಕೆ ಸಂಚಿಯ ಬಾಯಿ ಎಳೆದ ಹಾಗೆ ಎಳೆದರೆ ನೆತ್ತಿ ಮುಚ್ಚಿತು. ಮೇಲೆ ಕುಚ್ಚು ಹಾಕಿಲ್ಲ, ಕಿತ್ತು ಬಾಯಿಗೆ ಹಾಕಿಕೊಂಡರೆ ಕಷ್ಟ. ಮಲಗಿಸುವಾಗ ಟೊಪ್ಪಿ ತೆಗೆಯಲು ಸೊಸೆಗೆ ಹೇಳು.

ಅಡಿಕೆ ಕೊಯ್ಲು ಮುಗಿದ ಮೇಲೆ ಹೊತ್ತೇ ಹೋಗಲ್ಲ ಅಂದಿದ್ದೆಯಲ್ಲ ಮಾರಾಯ, ಪಾರ್ಸೆಲ್ಲಿನ ತಳದಲ್ಲಿ 36 ಗೂಟದ ಬಳೆ, ಕೊಕ್ಕೆ, ಒಂದು ಉಂಡೆ ದಾರ ಇಟ್ಟಿದ್ದೇನೆ. ದಾರ ಮುಗಿದರೆ ಪೇಟೆಯಲ್ಲಿ ಸಿಗುವ ಉಲ್ಲನ್ ಆದೀತು, ಆದರೆ ಎರಡೆಳೆ ಸೇರಿಸಿ ಸುತ್ತು. ತೆಳುವಾದರೆ ಬರೀ ಜಾಲರಿ ಆಗುತ್ತದೆ. ಬಿಗಿಯಾಗಿ ಸುತ್ತಬೇಡ, ಕೊಕ್ಕೆ ಒಳಗೆ ಹೋಗಲ್ಲ. ಮೂರು ಸುತ್ತು ಹೆಣೆದೇ ಕಳಿಸಿದ್ದೇನೆ. ಬಳೆಯ ಪಕ್ಕದ ಒಂಟಿ ಗೂಟಕ್ಕೆ ದಾರದ ತುದಿ ಕಟ್ಟಿದೆ, ಅದನ್ನು ಈಗಲೇ ಬಿಚ್ಚಬೇಡ. ನಾಲ್ಕನೇ ಸುತ್ತು ನಿನ್ನದು.

ನಿನ್ನ ಹಳೇ ಬೆಂಚಿನ ಗೆಳೆಯ