ಹಳ್ಳಿಗೋ, ಹಲ್ಲಿಗೋ

ಸ್ಟಟ್‌ಗಾರ್ಟ್, ಜರ್ಮನಿ
ಭಾನುವಾರ ಸಂಜೆ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳ ನಮಸ್ಕಾರ. ನಾವು ಮೂವರೂ ಚೆನ್ನಾಗಿದ್ದೇವೆ. ಫೋನು ಇರುವಾಗ ಕಾಗದ ಯಾಕೆ ಅಂತೀಯ. ಹೋದ ವಾರ ನೀನು ಹೇಳಿದ ಮಾತಿಗೆ ಉತ್ತರ ಕೊಡೋಣ ಅನ್ನುವಷ್ಟರಲ್ಲಿ ಅಪ್ಪಾಜಿ ಫೋನು ಕಿತ್ತುಕೊಂಡು ಶುಂಠಿ ರೇಟು ಶುರು ಮಾಡಿದರು. ಅಕ್ಷರ ದಪ್ಪಗೆ ಬರೆದಿದ್ದೇನೆ, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು.

"ಮಗು ಎರಡೂ ಭಾಷೆ ಕಲಸ್ತಾನೆ, ಇನ್ಮೇಲೆ ನಾನೂ ಅವನ ಹತ್ರ ಇಂಗ್ಲಿಷಲ್ಲೇ ಎರಡು ಮಾತಾಡ್ತೀನಿ" ಅಂದೆಯಲ್ಲ. ಬೇಡಮ್ಮ. ಮನೆಯಲ್ಲಿ ಕನ್ನಡ, ಹೊರಗೆ ಜರ್ಮನ್ ಅಂತ ಎರಡು ಭಾಷೆ ಕೇಳಿದರೆ ಮಗುವಿನ ಮಾತು ಕೆಡುವುದಿಲ್ಲ. ಇಲ್ಲೂ ಒಬ್ಬರು ಹಾಗೇ ಹೇಳಿ ನನ್ನನ್ನು ಹೆದರಿಸಿದ್ದರು. ಶಿಶುವಿಹಾರಕ್ಕೆ ಸೇರಿಸಿದ ಮೇಲೆ ಮೂರು ತಿಂಗಳು ಅವನು ಅಲ್ಲಿ ಬಾಯೇ ಬಿಡಲಿಲ್ಲ. ಆಮೇಲೆ ಒಂದು ದಿನ ಪೂರ್ತಿ ವಾಕ್ಯವೇ ಬಂತು. ಅಷ್ಟು ದಿನ ಸುಮ್ನೆ ಇರಲಿಲ್ಲ, ಕೇಳಿಸಿಕೊಳ್ಳುತ್ತಿದ್ದ.

ಮೊನ್ನೆ ಬಂದು "ಅಪ್ಪ ನಂಗೆ ಚಾಕ್ಲೇಟು ಕೊಡಿದ" ಅಂದ. ನಾನು ನಕ್ಕೆ. ಆಮೇಲೆ ಹೊಳೆಯಿತು. ನೋಡು, ನೋಡಿದ. ಮಾಡು, ಮಾಡಿದ. ಹಾಗಾದರೆ ಕೊಡು, ಕೊಡಿದ! ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರದ ಮಾತು. ಕೇಳಿ ಕಲಿತಿದ್ದಲ್ಲ, ತಾನೇ ಲೆಕ್ಕ ಹಾಕಿ ಮಾಡಿಕೊಂಡಿದ್ದು. ಎಲ್ಲ ಭಾಷೆಯ ಮಕ್ಕಳೂ ಹೀಗೆ ಮಾಡುತ್ತವೆ. ತಪ್ಪು ಅಂತ ತಿದ್ದಬೇಡ. "ಹೌದಾ, ಕೊಟ್ಟನಾ?" ಅಂದರೆ ಸಾಕು.

ಕಿವಿಯದೇ ಜಾಸ್ತಿ ಕಷ್ಟ. ಅವನು "ಅಜ್ಜಿ ಹಲ್ಲಿಗೆ ಹೋಗೋಣ" ಅಂದಾಗ ನೀನು ಗೋಡೆ ನೋಡಿದ್ದೆ, ನೆನಪಿದೆಯಾ? ಜರ್ಮನ್‌ನಲ್ಲಿ ಳ ಇಲ್ಲ. ಕೆನಡಾದ ಜಾನೆಟ್ ವರ್ಕರ್ ಅನ್ನುವವರು 1984ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಯ ಆರೆಂಟು ತಿಂಗಳ ಕೂಸುಗಳಿಗೆ ಹಿಂದಿಯ ತ, ಟ ಬೇರೆ ಬೇರೆ ಅಂತ ಗೊತ್ತಾಗುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವಕ್ಕೆ ಆಗುತ್ತಿರಲಿಲ್ಲ. ಕೇಳದ ಸದ್ದನ್ನು ಕಿವಿ ಕೈಬಿಡುತ್ತದೆ. ಅದಕ್ಕೇ ನಿನ್ನ ಇಂಗ್ಲಿಷು ಬೇಡ, ನಿನ್ನ ಳ ಬೇಕು. ಕೋಳಿ ಕಳ್ಳನ ಕತೆ ಹೇಳು, ತುಂಬಾ ಳ ಇದೆ ಅದರಲ್ಲಿ.

ನನ್ನ ಕತೆ ಬೇರೆ. ಸರ್ಕಾರದ ಭಾಷಾ ಕ್ಲಾಸು 600 ಗಂಟೆ ಕೂತು ಮುಗಿಸಿದೆ. ಇಲ್ಲಿನ ವ್ಯಾಕರಣದಲ್ಲಿ ಚಮಚ ಗಂಡು, ಮುಳ್ಳುಚಮಚ ಹೆಣ್ಣು, ಚಾಕು ಎರಡೂ ಅಲ್ಲ! ಶುರುವಿನಲ್ಲಿ ವ್ಯಾಕರಣ ದೊಡ್ಡವರಿಗೇ ಬೇಗ ಹತ್ತುತ್ತದೆ, ನಾನೂ ಮಗನಿಗಿಂತ ಮುಂದಿದ್ದೆ. ಒಂದು ವರ್ಷ ಅಷ್ಟೇ. ಈಗ ಅಂಗಡಿಯಲ್ಲಿ ಅವನೇ ನನ್ನನ್ನು ತಿದ್ದುತ್ತಾನೆ.

ಪಕ್ಕದ ಕೋಣೆಯಲ್ಲಿ ಓದು ಬರಹ ಬಾರದ ದೊಡ್ಡವರ ಕ್ಲಾಸು. ಬಾಗಿಲು ತೆರೆದಿದ್ದಾಗ ಒಬ್ಬ ಹೆಂಗಸು ಕಂಡಳು. ನನಗಿಂತ ದೊಡ್ಡವಳು. ಪೆನ್ಸಿಲ್ ಎಷ್ಟು ಒತ್ತಿ ಹಿಡಿದಿದ್ದಳು ಅಂದರೆ ಬೆರಳ ತುದಿ ಬೆಳ್ಳಗಾಗಿತ್ತು. ನಾನು ಅಲ್ಲೇ ನಿಂತುಬಿಟ್ಟೆ.

ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ನೀನು ಚಿಕ್ಕಮಗಳೂರಿನದು ಅಂತ ಹಾಸನದ ಬಸ್ಸು ಹತ್ತಿದ್ದೆಯಲ್ಲ, ಅದಾದ ಮೇಲೇ ತಾನೇ ನೀನು ಸಾಕ್ಷರತೆ ಕ್ಲಾಸಿಗೆ ಹೋಗಿದ್ದು? ಡೈರಿಯ ಹಾಲಿನ ಲೆಕ್ಕ ಪೈಸೆ ಬಿಡದೆ ಬಾಯಲ್ಲೇ ಹೇಳುತ್ತಿದ್ದವಳು, ಪುಸ್ತಕಕ್ಕೆ ಮಾತ್ರ ಹೆಬ್ಬೆಟ್ಟು ಒತ್ತುತ್ತಿದ್ದೆ. ಸ್ಲೇಟಿನ ಮೇಲೆ ಒತ್ತಕ್ಷರವನ್ನು ಕೆಳಗೆ ಇಡದೆ ಪಕ್ಕಕ್ಕೆ ಇಟ್ಟು "ಚಿಕಕಮಗಳೂರು" ಅಂತ ಬರೆದೆ. ನಾನು ಗೆಳತಿಯರನ್ನು ಕರೆದು ತೋರಿಸಿ ನಕ್ಕೆ. ನೀನು ಸೆರಗಿನಲ್ಲಿ ಒರೆಸಿ ಸ್ಲೇಟನ್ನು ರಾಗಿ ಡಬ್ಬದ ಹಿಂದೆ ಇಟ್ಟೆ. ಮಾತಾದರೆ ಕೇಳಿ ಕೇಳಿ ತಾನೇ ಬರುತ್ತದೆ. ಅಕ್ಷರ ಹಾಗಲ್ಲ, ಒಬ್ಬರು ಕೂರಿಸಿಕೊಂಡು ಕಲಿಸಬೇಕು. ಹಗಲೆಲ್ಲ ಹೊಲ ಮಾಡಿ ರಾತ್ರಿ ಲಾಟೀನಿನಲ್ಲಿ ಕಲಿತೆ ನೀನು. ತಪ್ಪಾಯ್ತಮ್ಮ.

ಅಪ್ಪಾಜಿಗೆ ಇದನ್ನು ಓದಿ ಹೇಳು, ನಂಬಲ್ಲ ಅವರು: 2018ರ ಸಮೀಕ್ಷೆ ಪ್ರಕಾರ ಜರ್ಮನಿಯಲ್ಲೇ 62 ಲಕ್ಷ ದೊಡ್ಡವರಿಗೆ ಸರಿಯಾಗಿ ಓದಲು, ಬರೆಯಲು ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಜನರದು ಜರ್ಮನ್ನೇ ಮನೆಮಾತು. ನಾನೇನು ಕಡಿಮೆ? ರಜೆಯಲ್ಲಿ ಹಲ್ಮಿಡಿಗೆ ಹೋದಾಗ ಮಗ ಅಲ್ಲಿಟ್ಟಿರುವ ಶಾಸನದ ಪ್ರತಿಕೃತಿ ತೋರಿಸಿ "ಓದಮ್ಮ" ಅಂದ. ಹದಿನಾರು ಸಾಲು, ಸುಮಾರು 450ನೇ ಇಸವಿಯ ಕನ್ನಡ. ಒಂದಕ್ಷರ ಗುರುತು ಹತ್ತಲಿಲ್ಲ.

ಈಗ ಅವನಿಗೂ ಅಕ್ಷರ ಶುರು. ಜರ್ಮನ್‌ನದು ಎಲ್ಲ ಸೇರಿ ಮೂವತ್ತು. ನಮ್ಮದು 49, ಮೇಲೆ ಕಾಗುಣಿತ, ಒತ್ತು. ಊರಿನ ಮಕ್ಕಳಿಗೇ ಮೂರು ನಾಲ್ಕು ವರ್ಷ ಹಿಡಿಯುತ್ತದೆ, ಇವನಿಗೆ ಇನ್ನೂ ಜಾಸ್ತಿ ಆಗಲಿ ಬಿಡು. ಯಾರಾದರೂ ಈ ಕಡೆ ಬಂದರೆ ಒಂದು ಕಾಗುಣಿತದ ಪುಸ್ತಕ ಕಳಿಸು.

ಹಿಂದಿನ ಪುಟದಲ್ಲಿ ನೀಲಿ ಬಣ್ಣದಲ್ಲಿರುವುದು ಅವನದೇ ಕೈಬರಹ. "ಅಜಜಿ" ಅಂತ ಬರೆದಿದ್ದಾನೆ. ನಿನಗೇ ಅದು.

ನಿನ್ನ ಮಗಳು