ಬೇಲಿ ಹಾಕಿ, ಬಂಡಿದಾರಿ ಬಿಡಿ

ಮಾನ್ಯರೇ,

ನಿವೃತ್ತಿಯಾದ ಮೇಲೆ ನಾನೂ ಮನೆಯವರೂ ಮೈಸೂರು ಬಿಟ್ಟು ಮೇಲುಕೋಟೆ ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ನೆಲೆಸಿದ್ದೇವೆ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದ ಮೇಲೆ ಪೇಟೆಯವರು ಹೆಚ್ಚಿದ್ದಾರೆ. ಬಂದವರ ಮೊದಲ ಕೆಲಸ ತಂತಿಬೇಲಿ, ಗೇಟಿಗೆ ಬೀಗ. ಅಲ್ಲಿಗೆ ಕುರಿಮಂದೆ ಕೆರೆಗಿಳಿಯುತ್ತಿದ್ದ ಓಣಿ ಬಂದ್! ಆಮೇಲೆ ಊರವರು ಮಾತಾಡಿಸುವುದಿಲ್ಲವೆಂಬ ದೂರು ಬೇರೆ.

ಪಕ್ಕದ ಹೊಲದ ಅಜ್ಜಿ ನಮಗೆ ಹೇಳಿದ್ದು ಇಷ್ಟೆ: ‘ಬೇಲಿ ಹಾಕ್ಕಳಿ ಮೇಷ್ಟ್ರೇ, ಗಾಡಿ ಜಾಡು ಬುಟ್ಬುಡಿ.’ ಬಿಟ್ಟೆವು. ಸೊಗಡಿನ ಅವರೆಕಾಯಿ ಮೊರದ ತುಂಬ ಮನೆಗೆ ಬಂತು.

1974ರಲ್ಲಿ ತೋಳಗಳಿಗಾಗಿ ಘೋಷಿಸಿದ ವನ್ಯಧಾಮವೂ ಇಲ್ಲೇ ಇದೆ. ಹೀಗಿರುವಾಗ ಪೇಟೆಯವರು ರಾತ್ರಿಯಿಡೀ ಉರಿಸುವ ಫ್ಲಡ್‌ಲೈಟ್ ಯಾರಿಗೆ ಬೇಕು?

ಗ್ರಾಮನಕಾಶೆಯಲ್ಲಿರುವ ಬಂಡಿದಾರಿ, ಕಾಲುದಾರಿಗಳನ್ನು ಸರ್ವೆಯವರು ಅಳೆದು, ಕಲ್ಲು ನೆಟ್ಟು, ಕೊಳ್ಳುವವರಿಗೆ ನೋಂದಣಿಗೆ ಮೊದಲೇ ತೋರಿಸಲಿ.

– ನಿವೃತ್ತ ಶಿಕ್ಷಕ, ಮೇಲುಕೋಟೆ ಹೋಬಳಿ, ಮಂಡ್ಯ ಜಿಲ್ಲೆ